ದೆವ್ವಕ್ಕೂ ಪಥ್ಯ

ಅಕ್ಟೋಬರ್ ತಿಂಗಳ ಕೊನೆ ಸಮೀಪಿಸಿತೆಂದರೆ ಅಮೆರಿಕದ ಪತ್ರಿಕೆಗಳಿಗೂ ಟೀವಿ ವಾಹಿನಿಗಳಿಗೂ ಮಕ್ಕಳ ಹಲ್ಲು, ಹೊಟ್ಟೆಗಳ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕುತ್ತದೆ. ಈ ವರ್ಷವೂ ಉಕ್ಕಿದೆ. ಅಕ್ಟೋಬರ್ 31ರಂದು ಮಕ್ಕಳು ದೆವ್ವಭೂತಗಳ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಹ್ಯಾಲೋವೀನ್ ಹಬ್ಬದ ಸಂಜೆ, ಅವರನ್ನು ಹೊರಗೆ ಕಳುಹಿಸುವ ಮೊದಲು ಹೊಟ್ಟೆ ತುಂಬ ಊಟ ಮಾಡಿಸಬೇಕಂತೆ. ಬಾಳೆಹಣ್ಣಿಗೆ ಚಾಕೊಲೇಟಿನ ಎರಡು ಕಣ್ಣು ಅಂಟಿಸಿದರೆ ಭೂತವಾಗುತ್ತದಂತೆ. ಮಕ್ಕಳು ತಂದ ಮಿಠಾಯಿಯನ್ನು ‘ಸ್ವಿಚ್ ವಿಚ್’ ಎಂಬ ಮಾಟಗಾತಿ ರಾತ್ರಿ ಒಯ್ದು, ಬದಲಿಗೆ ಆಟಿಕೆ ಇಟ್ಟು ಹೋಗುತ್ತಾಳೆಂದು ನಂಬಿಸಬೇಕಂತೆ. ಸುಳ್ಳು ಹೇಳಬಾರದೆಂದು ವರ್ಷವಿಡೀ ಕಲಿಸಿದ ತಂದೆತಾಯಿ ಸಕ್ಕರೆಯ ನಿಮಿತ್ತ ಒಂದು ಸುಳ್ಳು ಹೇಳಿದರೆ ದೋಷವಿಲ್ಲವೆಂದು ತೋರುತ್ತದೆ.

ನಾನು ಇಂಥ ಸಲಹೆಗಳನ್ನು ಶ್ರದ್ಧೆಯಿಂದ ಪಾಲಿಸಿದವನು. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ರಂದೇ ಬಂದಾಗ, ನ್ಯೂಜೆರ್ಸಿಯ ನಮ್ಮ ಮನೆಯ ಬಾಗಿಲಲ್ಲಿ ಒಂದು ಕಡೆ ಹಣತೆ, ಇನ್ನೊಂದು ಕಡೆ ಕೊರೆದ ಕುಂಬಳಕಾಯಿ, ನಡುವೆ ಒಣದ್ರಾಕ್ಷಿಯ ಪುಟ್ಟ ಪೆಟ್ಟಿಗೆಗಳ ಬುಟ್ಟಿ ಹಿಡಿದು ನಿಂತಿದ್ದೆ. ಮೊದಲು ಬಂದ ಆರೇಳು ವರ್ಷದ ಅಸ್ಥಿಪಂಜರವೊಂದು ಪೆಟ್ಟಿಗೆಯನ್ನು ಕಿವಿಯ ಬಳಿ ಅಲ್ಲಾಡಿಸಿ, ನನ್ನ ಮುಖ ನೋಡಿ, ಹಿಂದೆ ನಿಂತಿದ್ದ ಅಮ್ಮನ ಮುಖ ನೋಡಿ, ಸಾವಿನ ಮನೆಗೆ ಬಂದವರ ದನಿಯಲ್ಲಿ ‘ಥ್ಯಾಂಕ್ಯೂ’ ಎಂದಿತು. ಒಳಗೆ ಮೈಸೂರು ಪಾಕಿನ ಡಬ್ಬಿ ತೆರೆದಿದ್ದ ನನ್ನ ಹೆಂಡತಿ, “ಊರ ಮಕ್ಕಳಿಗೆ ಪಥ್ಯ, ನಿಮಗೆ ಮಾತ್ರ ತುಪ್ಪವೇನ್ರೀ?” ಎಂದು ಕೇಳಿದಳು.

ಲೆಕ್ಕವನ್ನು ಅಲ್ಲಗಳೆಯುವಂತಿಲ್ಲ. 2ರಿಂದ 18 ವರ್ಷದವರಿಗೆ ತಿನಿಸಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂಗಿಂತ ಕಡಿಮೆಯಿರಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದೆ. ‘ಫನ್ ಸೈಜ್’ ಎಂಬ ಬೆರಳುದ್ದದ ಚಾಕೊಲೇಟಿನಲ್ಲಿ ಸುಮಾರು ಎಂಟು ಗ್ರಾಂ ಸಕ್ಕರೆಯಿರುವುದರಿಂದ ಮೂರು ತಿಂದರೆ ದಿನದ ಪಡಿ ಮುಗಿಯಿತು, ನಾಲ್ಕನೆಯದು ನಾಳೆಯ ಸಾಲ. ಕಿರಿದು ಮಾಡಿದ್ದಕ್ಕೆ ಮೋಜಿನ ಅಳತೆಯೆಂದು ಹೆಸರಿಟ್ಟವನ ಜಾಣ್ಮೆಗೆ ಕೈಮುಗಿಯಬೇಕು. ನಮ್ಮ ಹೋಟೆಲಿನವರು ಇಡ್ಲಿಯನ್ನು ಸಣ್ಣದು ಮಾಡುವುದನ್ನು ಕಲಿತರೇ ವಿನಾ ಹೀಗೆ ನಾಮಕರಣ ಮಾಡುವುದನ್ನು ಕಲಿಯಲಿಲ್ಲ.

ಮಿಠಾಯಿಯ ವ್ಯಾಪಾರವು ಗಡಿಯಾರವನ್ನೂ ಬಿಟ್ಟಿಲ್ಲ. ಸಂಜೆಯ ಬೆಳಕಿಗಾಗಿ ಅಮೆರಿಕದಲ್ಲಿ ಬೇಸಗೆಗೆ ಒಂದು ಗಂಟೆ ಮುಂದಿಟ್ಟ ಅದನ್ನು ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ ಹಿಂದೆ ಅಕ್ಟೋಬರಿನ ಕೊನೆಯ ಭಾನುವಾರವಾಗಿತ್ತು. 2005ರ ಇಂಧನ ಕಾಯಿದೆಯಿಂದಾಗಿ 2007ರಿಂದ ಅದು ನವೆಂಬರಿನ ಮೊದಲ ಭಾನುವಾರಕ್ಕೆ ಸರಿದು, ಹ್ಯಾಲೋವೀನ್ ಸಂಜೆಗೆ ಒಂದು ಗಂಟೆ ಬೆಳಕು ಹೆಚ್ಚಾಯಿತು. ಇಂಥ ಬದಲಾವಣೆಗಾಗಿ ಮಿಠಾಯಿ ತಯಾರಕರು 1980ರ ದಶಕದಿಂದಲೇ ವಾಷಿಂಗ್ಟನ್ನಿನಲ್ಲಿ ಓಡಾಡಿದ್ದರು. ಕತ್ತಲಲ್ಲಿ ಮಕ್ಕಳಿಗೆ ಕಾರು ತಗುಲಬಾರದಲ್ಲವೇ? ಹೆಚ್ಚು ಬೆಳಕಿದ್ದರೆ ಹೆಚ್ಚು ಮನೆ, ಹೆಚ್ಚು ಮನೆಯಾದರೆ ಹೆಚ್ಚು ಮಿಠಾಯಿ ಎಂಬುದು ಕೇವಲ ಕಾಕತಾಳೀಯ.

ನನಗೀಗ ನಗು ಬರುತ್ತಿಲ್ಲ. ಬೇಸಗೆ ರಜೆ ಮುಗಿಯುವ ಮೊದಲೇ ಅಂಗಡಿಯ ಬಾಗಿಲಲ್ಲಿ ಮಕ್ಕಳ ಕಣ್ಣಿನೆತ್ತರಕ್ಕೆ ಚಾಕೊಲೇಟಿನ ಮೂಟೆಗಳನ್ನು ಪೇರಿಸುವವರಿಗೆ ಯಾರೂ ಸಲಹೆ ಬರೆಯುವುದಿಲ್ಲ. 2023ರ ಹ್ಯಾಲೋವೀನಿನಲ್ಲಿ ಮಿಠಾಯಿಯೊಂದಕ್ಕೇ ಜನ 360 ಕೋಟಿ ಡಾಲರ್ ಖರ್ಚು ಮಾಡುವರೆಂದು ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ ಅಂದಾಜಿಸಿತ್ತು. ಅಷ್ಟು ದುಡ್ಡಿನ ಎದುರು ನಿಂತು ಸಂಯಮ ತೋರಬೇಕಾದವನು ಆರು ವರ್ಷದ ಹುಡುಗ. ಬೆಳಗಿನ ಸೀರಿಯಲ್ಲು, ಮೊಸರು, ಬ್ರೆಡ್ಡುಗಳಲ್ಲಿ ವರ್ಷವಿಡೀ ಸಕ್ಕರೆ ತಿನ್ನಿಸಿ, ಒಂದು ರಾತ್ರಿ ಅವನ ಚೀಲ ಹಿಡಿದು ಜಪ್ತಿ ಮಾಡುವುದಕ್ಕೆ ನಮಗೆ ನಾಚಿಕೆಯಾಗಬೇಕು.

ನಾನು ಒಣದ್ರಾಕ್ಷಿ ಹಂಚಿದ ಆ ಸಂಜೆಯ ಮರುದಿನ ಕಸ ಹಾಕಲು ಹೊರಬಂದಾಗ ನಮ್ಮ ಬೇಲಿಯ ಬುಡದಲ್ಲಿ ಒಣದ್ರಾಕ್ಷಿಯ ಹನ್ನೊಂದು ಪೆಟ್ಟಿಗೆಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ಕನ್ನಡಕ ಸರಿಪಡಿಸಿ ಹಿಂಬದಿಯನ್ನು ಓದಿದೆ. ಹಣ್ಣಿನದೇ ಸಕ್ಕರೆ, ಒಂಬತ್ತು ಗ್ರಾಂ.