ಬಾಣ, ಪಂಚೆ ಮತ್ತು ಒಬ್ಬನೇ ಸಾಕ್ಷಿ

ಮೂರು ವರ್ಷದಿಂದ ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲಿಗೆ ಹೋದರೂ ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಒಂದು ಮಾತು ಹೇಳದೆ ನಾನು ಎಲೆ ಬಿಟ್ಟು ಎದ್ದವನಲ್ಲ. ನನ್ನ ಬಿಲ್ಲಿನಿಂದ ಹೊರಟ ಬಾಣ ಗಂಟೆಗೆ 351 ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ! ಸಾರು ಬಡಿಸುವವರೂ ಒಂದು ಕ್ಷಣ ನಿಂತು ಕೇಳುತ್ತಿದ್ದರು. ನನ್ನದು ರಾಟೆಯಿರುವ ಕಾಂಪೌಂಡ್ ಬಿಲ್ಲು, ಅದರ ಡಬ್ಬದ ಮೇಲೆ ಸೆಕೆಂಡಿಗೆ 320 ಅಡಿ ಅಂತ ಅಚ್ಚು ಹಾಕಿದ್ದರು. ಅದನ್ನ ಕಿಲೋಮೀಟರಿಗೆ ತಿರುಗಿಸಿದ್ದಷ್ಟೇ ನನ್ನ ಸಾಧನೆ.

ಅಲ್ಲಿಗೇ ಸುಮ್ನಿರಬೇಕಿತ್ತು. ಬಾಣದ ವೇಗ ಅಳೆಯುವ ಕ್ರೋನೋಗ್ರಾಫ್ ಕೊಂಡೆ.

ಮಡಿಸಿದರೆ ಟಿಫಿನ್ ಡಬ್ಬಿಯಷ್ಟಾಗುವ ಪೆಟ್ಟಿಗೆ. ಬಿಡಿಸಿದರೆ ಮೇಲೆ ಒಂದಡಿ ಅಂತರದಲ್ಲಿ ಬೆಳಕು ನೋಡುವ ಎರಡು ಕಣ್ಣು, ಪ್ರತಿ ಕಣ್ಣಿನ ಆಚೀಚೆ ಎರಡು ಕಡ್ಡಿ. ಬಾಣವಾಗಲಿ ಗುಂಡಾಗಲಿ, ಕಡ್ಡಿಗಳ ನಡುವೆ ಹಾಯುವಾಗ ಅದರ ನೆರಳು ಮೊದಲ ಕಣ್ಣಿಗೆ ಬೀಳುತ್ತೆ, ಆಮೇಲೆ ಎರಡನೆಯದಕ್ಕೆ. ನಡುವಿನ ಸಮಯ ಹಿಡಿದು ಯಂತ್ರ ಲೆಕ್ಕ ಹಾಕುತ್ತೆ. ಸೆಕೆಂಡಿನ ಸಾವಿರದಲ್ಲಿ ಮೂರ್ನಾಲ್ಕು ಪಾಲಿನ ವ್ಯವಹಾರ.

ಬೆಂಗಳೂರಿನ ತಾರಸಿ ಮೇಲೆ ಬಾಣ ಬಿಟ್ಟರೆ ಪೊಲೀಸರು ಬರುತ್ತಾರೆ. ಹಾಗಾಗಿ ಶಿವಮೊಗ್ಗ ಕಡೆಯ ಸಾಗರದ ಹತ್ತಿರ ಮಾವನ ಮನೆಗೆ ಹೋದೆ. ಅಲ್ಲಿ ಮನೆ ಹಿಂದೆ ಎತ್ತರದ ಧರೆ ಇದೆ, ಗುರಿ ತಪ್ಪಿದ ಬಾಣ ಮಣ್ಣಿಗೆ ನಾಟುತ್ತೆ.

ಸಂಜೆ ಜಗಲಿಯಲ್ಲಿ ಸುಮ್ನೆ ಆನ್ ಮಾಡಿ ನೋಡಿದೆ. ಬಾಣ ಇನ್ನೂ ಚೀಲದಲ್ಲೇ ಇದೆ, ಪರದೆ ಮೇಲೆ ಆಗಲೇ ವೇಗ ಬಂದಿದೆ. ಆಗಷ್ಟೇ ಬಚ್ಚಲಿಂದ ಬಂದ ಮಾವ ಬಗ್ಗಿ ನೋಡಿ, "ಇದು ನನ್ನದಾ?" ಅಂದರು. ತಪ್ಪು ಜಗಲಿಯ ಹಳೇ ಚೋಕ್‌ನ ಟ್ಯೂಬ್‌ಲೈಟಿನದು. ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತೆ, ನಮ್ಮ ಕಣ್ಣಿಗೆ ಗೊತ್ತಾಗಲ್ಲ. ಯಂತ್ರ ಮಾತ್ರ ಪ್ರತಿ ಮಿನುಗಿಗೂ ಏನೋ ಹಾರಿಹೋಯ್ತು ಅಂದುಕೊಳ್ಳುತ್ತೆ.

ಬೆಳಗ್ಗೆ ತೋಟದಲ್ಲಿಟ್ಟರೆ ಅಡಿಕೆ ಸೋಗೆ ಅಲ್ಲಾಡಿದಾಗೆಲ್ಲ ಎರರ್. ಅಂಗಳದ ಬಿಸಿಲಿಗೆ ತಂದರೆ ಬೆಳಕು ಜಾಸ್ತಿಯಾಗಿ ನೆರಳೇ ಕಾಣಲ್ಲ, ಮತ್ತೆ ಎರರ್. ಬೆಳಕನ್ನು ಹದ ಮಾಡಲು ಮೇಲೆ ಬಿಳಿ ಹೊದಿಕೆ ಬೇಕು, ಡಬ್ಬದಲ್ಲಿ ಬಂದಿದ್ದ ಪ್ಲಾಸ್ಟಿಕ್ಕಿನದು ದಾರಿಯಲ್ಲೇ ಮುರಿದಿತ್ತು. ಭಾವಮೈದುನ ನಾಲ್ಕು ಅಡಿಕೆ ದಬ್ಬೆ ನೆಟ್ಟು ಮಾವನ ಒಗೆದ ಪಂಚೆ ಕಟ್ಟಿದ. ನೋಡಿದವರಿಗೆ ಏನೋ ಶಾಂತಿಹೋಮ ಅನ್ನಿಸಬೇಕು, ಹಾಗಿತ್ತು.

ಅವನು ಪಕ್ಕದಲ್ಲಿ ಕೂತು, "ಭಾವ, ಇನ್ನೂ ಸ್ವಲ್ಪ ಮೇಲೆ, ಹಾಂ, ಬಿಡಿ" ಅಂದ. ಬಿಟ್ಟೆ. ಸೆಕೆಂಡಿಗೆ 241 ಅಡಿ. ಮತ್ತೆ 244. ಮತ್ತೆ 243.

ಗಂಟೆಗೆ 267 ಕಿಲೋಮೀಟರ್! ಉಳಿದ 84 ಎಲ್ಲಿ ಹೋಯ್ತು? ಆಮೇಲೆ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿದೆ. ಆ 320 ಬರಬೇಕಾದರೆ ಬಿಲ್ಲು ಎಳೆಯಲು 70 ಪೌಂಡಿನ ಬಲ ಬೇಡುವಂಥದ್ದಾಗಿರಬೇಕು, ಹೆದೆಯನ್ನು 30 ಇಂಚಿನ ಅಳತೆಗೆ ಎಳೆಯಬೇಕು, ಬಾಣ 350 ಗ್ರೇನ್, ಅಂದ್ರೆ ಸುಮಾರು 23 ಗ್ರಾಂ ಇರಬೇಕು. ನಾನು ಹೊಂದಿಸಿಕೊಂಡಿದ್ದು 50 ಪೌಂಡು, ನನ್ನ ತೋಳಿನ ಅಳತೆ 28 ಇಂಚು, ನನ್ನ ಬಾಣ 26 ಗ್ರಾಂ. ಕಾರಿನ ಮೈಲೇಜ್ ಥರವೇ ಅಲ್ವಾ ಇದು.

ಯಂತ್ರ ಓರೆಯಾಗಿರಬೇಕು ಅಂತ ವಾದ ಹೂಡಿದೆ. ಓರೆಯಿದ್ದರೆ ಬಾಣಕ್ಕೆ ದಾರಿ ಉದ್ದವಾಗಿ ವೇಗ ಕಮ್ಮಿ ತೋರಿಸುತ್ತೆ, ನಿಜ. ಆದರೆ 77 ಅಡಿಯಷ್ಟು ಕಮ್ಮಿ ಆಗಲ್ಲ. ಭಾವಮೈದುನ ನಗು ತಡೆದುಕೊಂಡು ಕಾಫಿ ತರಲು ಒಳಗೆ ಹೋದ. ನಾನೊಬ್ಬನೇ ಪೆಟ್ಟಿಗೆ ನೆಟ್ಟಗೆ ಮಾಡಿ, ಹತ್ತಿರ ಎಳೆದುಕೊಂಡು, ಬಿಲ್ಲಿನ ಸೈಟಿನಲ್ಲಿ ಕಣ್ಣಿಟ್ಟು, ಕಡ್ಡಿಗಳ ನಟ್ಟನಡುವೆ ಗುರಿ ಹಿಡಿದು ಬಿಟ್ಟೆ. ಕಣ್ಣು ನೋಡುವ ಗೆರೆಗಿಂತ ಬಾಣ ನಾಲ್ಕಿಂಚು ಕೆಳಗಿರುತ್ತೆ, ಅಷ್ಟು ಹತ್ತಿರದಲ್ಲಿ ಅದು ಮೇಲೇರುವ ಪ್ರಶ್ನೆಯೇ ಇಲ್ಲ. ಇದು ನನಗೆ ಗೊತ್ತಿತ್ತು. ಬಾಣ ಬಿಟ್ಟಮೇಲೆ ನೆನಪಾಯ್ತು.

ಚಟ್ ಅಂತ ಸದ್ದು. ಬಾಣ ಪೆಟ್ಟಿಗೆಯ ಹೊಟ್ಟೆ ಹೊಕ್ಕು, ಪಂಚೆಯನ್ನೂ ಎಳಕೊಂಡು ಧರೆ ಕಡೆ ಹೋಯ್ತು.

1742ರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಅನ್ನುವವರು ಗುಂಡಿನ ವೇಗ ಅಳೆದ ಬಗೆಯನ್ನು ಪ್ರಕಟಿಸಿದ್ದರು. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಎಷ್ಟು ದೂರ ತೂಗಾಡಿತು ಅಂತ ನೋಡಿ ಲೆಕ್ಕ ಹಾಕೋದು. ಅಳೆಯುವ ಸಾಧನಕ್ಕೇ ಹೊಡೆಯುವುದು ಅವರ ಪದ್ಧತಿ. ಮುಂದೆ ಕಂಪನಿ ಸರ್ಕಾರದ ಇಂಜಿನಿಯರ್ ಆಗಿ ಬಂದು 1751ರಲ್ಲಿ ಕಡಲೂರಿನ ಕೋಟೆಯಲ್ಲಿ ತೀರಿಕೊಂಡರು. ಇದ್ದಿದ್ದರೆ ನನ್ನ ಪರ ವಾದಿಸುತ್ತಿದ್ದರು ಅಂತ ಹೆಂಡತಿಗೆ ಹೇಳಿದೆ.

ಅವಳು ಪಂಚೆಯ ತೂತಿನೊಳಗಿಂದ ನನ್ನನ್ನೇ ನೋಡುತ್ತಾ, "351 ಅಲ್ಲ ಅಂತ ಗೊತ್ತಿದ್ದ ಸಾಕ್ಷಿ ಅದೊಂದೇ, ಅದನ್ನೂ ಮುಗಿಸಿದ್ರಲ್ಲ" ಅಂದಳು.

ಮಧ್ಯಾಹ್ನ ಊಟಕ್ಕೆ ಪಕ್ಕದ ಮನೆಯವರು ಬಂದಿದ್ದರು. ಹುಳಿ ಬಡಿಸುವ ಹೊತ್ತಿಗೆ ಮಾವ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ನಮ್ಮ ಅಳಿಯಂದಿರ ಬಾಣ ಉಂಟಲ್ಲ, ಗಂಟೆಗೆ 351 ಕಿಲೋಮೀಟರ್. ಅಳೆಯುವ ಯಂತ್ರವೇ ತಡೆಯಲಿಲ್ಲ ಮಾರಾಯ್ರೇ."

ನಾನು ತಲೆ ಎತ್ತದೆ ಅನ್ನ ಕಲಸಿದೆ.