ತೂತೇ ಇಲ್ಲದ ತೂತುಗಳು

ಇವತ್ತು ಗೆಳೆಯನ ಕಾರಿನ ಡೋರ್ ಪ್ಯಾನೆಲ್ ಬಿಚ್ಚಿ, ಸ್ಪೀಕರ್ ಎದುರಿನ ಗ್ರಿಲ್ ಅನ್ನು ಬೆಳಕಿಗೆ ಹಿಡಿದು ನೋಡಿದೆ. ಆಗಿನಿಂದ ತಲೆ ಕೆಟ್ಟಿದೆ. ಮುಂದಿನಿಂದ ನೋಡಿದರೆ ನೂರಾರು ತೂತು. ಹಿಂದಿನಿಂದ ನೋಡಿದರೆ ಬೆಳಕು ಕಾಣೋದು ನಡುವಿನ ಒಂದು ಸಣ್ಣ ವೃತ್ತದಲ್ಲಿ ಮಾತ್ರ. ಉಳಿದದ್ದೆಲ್ಲ ಬರೀ ಗುಳಿ. ತೂತಿನ ವೇಷ ಹಾಕಿಕೊಂಡ ಗುಳಿ!

ನನ್ನ ಹುಚ್ಚು ನಿಮಗೆ ಗೊತ್ತಿರೋದೇ. ಯಾರದೇ ಕಾರು ಹತ್ತಿದರೂ ಮೊದಲು ಬಾಗಿಲಿಗೆ ಬೆರಳಲ್ಲಿ ತಟ್ಟಿ ನೋಡುವವನು ನಾನು. ಹಾಗಾಗಿ ಹೊಸ ಸ್ಪೀಕರ್ ಹಾಕಿಸಿದ ಮೇಲೆ ಅವನು ಮೊದಲು ಕರೆದದ್ದು ನನ್ನನ್ನೇ. ಸ್ಪೀಕರ್ ಒಳ್ಳೆಯದೇ. 6.5 ಇಂಚಿನದು, ಕೋನ್ (ಧ್ವನಿ ಹೊರಡಿಸುತ್ತ ಅದುರುವ ಭಾಗ) ನಡುವೆಯೇ ಟ್ವೀಟರ್, ಅಂದರೆ ಏರು ದನಿಗೆಂದೇ ಇರುವ ಪುಟ್ಟ ಸ್ಪೀಕರ್, ಕೂತಿರುವ ಕೋಆಕ್ಸಿಯಲ್. ಹಾಡು ಹಾಕಿದ. ಗಾಯಕಿ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಹಾಡಿದ ಹಾಗಿತ್ತು. ತಾಳದ ಶಬ್ದಕ್ಕೆ ಮೊನೆಯೇ ಇಲ್ಲ. "ಹೇಗಿದೆ ಗುರು?" ಅಂದ. ಏನಂತ ಹೇಳೋದು? "ಪ್ಯಾನೆಲ್ ಬಿಚ್ಚೋಣ್ವಾ?" ಅಂದೆ.

ಬಿಚ್ಚಿ ಅದೇ ಹಾಡು ಹಾಕಿದೆವು. ಬೇಸ್, ಅಂದರೆ ತಗ್ಗು ದನಿ, ಸ್ವಲ್ಪ ತೆಳುವಾಯಿತು, ಅದರ ಕಾರಣ ಆಮೇಲೆ ಹೇಳುತ್ತೇನೆ. ಆದರೆ ದನಿ ತೆರೆದುಕೊಂಡಿತು. "ಸ", "ಶ" ಅಕ್ಷರಗಳು ಬೇರೆ ಬೇರೆಯಾಗಿ ಕೇಳಿಸಿದವು. ಕೊಳಲಿನ ಉಸಿರು ಕೇಳಿಸಿತು. ಪ್ಯಾನೆಲ್ ಅನ್ನು ಕೈಯಲ್ಲಿ ಹಿಡಿದು ಸ್ಪೀಕರ್ ಎದುರು ತಂದರೆ ಸಾಕು, ಎಲ್ಲ ಮಾಯ. ದೂರ ಸರಿಸಿದರೆ ಮತ್ತೆ ಹಾಜರ್. ಇನ್ನೇನು ಸಾಕ್ಷಿ ಬೇಕು?

ನನಗೆ ಅರ್ಥವಾಗದ್ದು ಇದು. ಅಚ್ಚು ತಯಾರಿಸುವಾಗ ಗುಳಿ ಮಾಡುವಷ್ಟು ವ್ಯವಧಾನ ಇದ್ದವರಿಗೆ ಅದನ್ನು ಆಚೆಗೂ ತೂರಿಸಲು ಏನು ಕಷ್ಟ? ಹೌದು, ತೂತು ಮೂಡಿಸಲು ಸಾವಿರ ಸಣ್ಣ ಪಿನ್ನುಗಳಿರುವ ಅಚ್ಚು ದುಬಾರಿ, ಪಿನ್ನು ಮುರಿಯುತ್ತವೆ, ಕರಗಿದ ಪ್ಲಾಸ್ಟಿಕ್ ಅವುಗಳ ಸುತ್ತ ಸರಿಯಾಗಿ ಹರಿಯೋದಿಲ್ಲ. ಗೊತ್ತು. ಹಾಗಾದರೆ ಕಡಿಮೆ ತೂತು ಮಾಡಿ, ದೊಡ್ಡದು ಮಾಡಿ. ಸುಳ್ಳು ತೂತು ಯಾಕೆ? ಸ್ಪೀಕರ್ ದೊಡ್ಡದು ಅಂತ ಕಾಣಿಸಬೇಕು, ಅಷ್ಟೇ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳ ಹಿಂದಿನ ಬಾಗಿಲಲ್ಲಂತೂ ಗ್ರಿಲ್ ಇರುತ್ತೆ, ಒಳಗೆ ಸ್ಪೀಕರೇ ಇರೋದಿಲ್ಲ. ಇನ್ನು ಕೆಲವರು ಗ್ರಿಲ್ ಮೇಲೆ, ಅದೂ ಸರಿಯಾಗಿ ಟ್ವೀಟರ್ ಎದುರಿಗೇ, ಆಡಿಯೋ ಬ್ರಾಂಡಿನ ಲೋಹದ ಬಿಲ್ಲೆ ಅಂಟಿಸುತ್ತಾರೆ. ಈ ಸ್ಪೀಕರ್ ಎಷ್ಟು ಶ್ರೇಷ್ಠ ಅಂತ ಹೇಳುವ ಬಿಲ್ಲೆಯೇ ಅದರ ಬಾಯಿ ಮುಚ್ಚಿಸುತ್ತೆ. ಭೇಷ್.

"ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟಾ?" ಅನ್ನುವವರಿಗೆ ಸ್ವಲ್ಪ ಲೆಕ್ಕ. 100 ಹರ್ಟ್ಜ್‌ನ ಬೇಸ್ ಅಲೆಯ ಉದ್ದ ಸುಮಾರು 3.4 ಮೀಟರ್. ಗಾಳಿ ನಿಧಾನಕ್ಕೆ ಹಿಂದೆ ಮುಂದೆ ಹೋಗುತ್ತೆ, ಸಣ್ಣ ತೂತಿನಲ್ಲೂ ನುಸುಳುತ್ತೆ. 10 ಕಿಲೋಹರ್ಟ್ಜ್ ಅಲೆ 3.4 ಸೆಂಟಿಮೀಟರ್ ಮಾತ್ರ. ಅಲ್ಲಿ ಗಾಳಿ ಸೆಕೆಂಡಿಗೆ 10,000 ಸಲ ಅಲ್ಲಾಡಬೇಕು. ತೂತಿನೊಳಗಿನ ಗಾಳಿಗೂ ತೂಕವಿದೆ. ಪ್ಲಾಸ್ಟಿಕ್ ದಪ್ಪ ಇದ್ದಷ್ಟೂ, ತೂತಿನ ಜಾಗ ಕಡಿಮೆ ಇದ್ದಷ್ಟೂ ಧ್ವನಿಯ ಮೇಲೆ ಆ ತೂಕದ ಹೊರೆ ಜಾಸ್ತಿ. ಅದನ್ನು ಅಷ್ಟು ಬೇಗ ಅಲ್ಲಾಡಿಸಲು ಆಗದೆ ಧ್ವನಿ ಹಿಂದಕ್ಕೆ ಪುಟಿಯುತ್ತೆ. ಅದಕ್ಕೇ ಬೇಸ್ ಹಾಗೇ ಉಳಿದು ಟ್ರೆಬಲ್, ಅಂದರೆ ಏರು ದನಿ, ಮಾತ್ರ ಸಾಯೋದು.

ತೆರೆದ ಜಾಗ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ದುಂಡು ತೂತುಗಳು ಒಂದು ಸಾಲು ಬಿಟ್ಟು ಒಂದು ಸಾಲು ಸರಿದು ಕೂತಿದ್ದರೆ, ತೂತಿನ ಅಗಲವನ್ನು ಎರಡು ತೂತುಗಳ ನಡುಬಿಂದುಗಳ ದೂರದಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ 90.7ರಿಂದ ಗುಣಿಸಿ. 2 ಮಿ.ಮೀ. ತೂತು, 4 ಮಿ.ಮೀ. ದೂರ ಅಂದರೆ ಶೇ. 23ರಷ್ಟೂ ಇಲ್ಲ. ಪ್ಲಾಸ್ಟಿಕ್ 2.5 ಮಿ.ಮೀ. ದಪ್ಪ ಇದ್ದರೆ 10 ಕಿಲೋಹರ್ಟ್ಜ್‌ನಲ್ಲಿ ಸುಮಾರು 4ರಿಂದ 6 ಡೆಸಿಬೆಲ್ (ಧ್ವನಿಯ ಮಟ್ಟದ ಅಳತೆ) ಖೋತಾ. ಅರ್ಧ ತೂತು ಸುಳ್ಳು ಅಂದರೆ ಅದು 10 ಡೆಸಿಬೆಲ್ ಹತ್ತಿರ ಹೋಗುತ್ತೆ. ಇದು ತೂತು ನಿಜವಾಗಿ ತೂತಾಗಿರುವ ಭಾಗದ ಮಾತು. ಟ್ವೀಟರ್ ಎದುರು ಬರೀ ಗುಳಿ ಬಂದರೆ ಲೆಕ್ಕವೇ ಬೇಡ.

ಇದರ ಮೇಲೆ ಸ್ಪೀಕರ್ ಇರೋದು ಎಲ್ಲಿ? ಮೊಣಕಾಲಿನ ಪಕ್ಕ. ಟ್ರೆಬಲ್ ಟಾರ್ಚಿನ ಬೆಳಕಿನ ಥರ ನೇರ ಹೋಗೋದು ಜಾಸ್ತಿ, ಪಕ್ಕಕ್ಕೆ ಹರಡೋದು ಕಡಿಮೆ. ಕಿವಿಗೆ ತಲುಪೋದೇ ಸ್ವಲ್ಪ. ಆ ಸ್ವಲ್ಪದಲ್ಲೂ ಗುಳಿಗಳಿಗೆ ಪಾಲು.

ಈಗ ಬರುತ್ತಾರೆ ನೋಡಿ ಈಕ್ವಲೈಜರ್ ಪಂಡಿತರು. "ಟ್ರೆಬಲ್ ಸ್ವಲ್ಪ ಏರಿಸಿಕೊಳ್ಳಪ್ಪ, ಮುಗೀತು." ಮುಗಿಯೋದು ಟ್ವೀಟರ್. 10 ಡೆಸಿಬೆಲ್ ಏರಿಸೋದು ಅಂದರೆ 10 ಪಟ್ಟು ವಿದ್ಯುತ್ ಕೊಡೋದು. ಉಗುರಿನಷ್ಟು ಟ್ವೀಟರ್‌ಗೆ, ಅದರ ಹಿಂದೆ ಬೇಸ್ ತಡೆಯುವ ಒಂದೇ ಒಂದು ಕೆಪಾಸಿಟರ್ ಕಾವಲು. ಅದು ಚೀರುತ್ತೆ, ಹಾಡೋದಿಲ್ಲ.

ಒಬ್ಬರು ಜಾಣರು ಹಿಂದೊಮ್ಮೆ ಇನ್ನೂ ಒಳ್ಳೆಯ ವಾದ ತೆಗೆದಿದ್ದರು. ಸಿನಿಮಾ ಥಿಯೇಟರಿನ ಪರದೆಯಲ್ಲಿ ಶೇ. 5ರಷ್ಟು ತೂತು ಇದ್ದರೆ ಹೆಚ್ಚು, ಸ್ಪೀಕರ್ ಅದರ ಹಿಂದೆಯೇ ಇರುತ್ತೆ, ಅಲ್ಲಿ ಕೇಳಿಸೋದಿಲ್ಲವಾ ಅಂತ. ಪ್ರಶ್ನೆ ಚೆನ್ನಾಗಿದೆ, ಒಪ್ಪಿದೆ. ಆದರೆ ಆ ಪರದೆಯ ದಪ್ಪ ಒಂದು ಮಿ.ಮೀ.ನ ಮೂರರಲ್ಲಿ ಒಂದು ಭಾಗದಷ್ಟು. ಅಲ್ಲೂ ಟ್ರೆಬಲ್ ಕಳೆದುಹೋಗುತ್ತೆ. ಅದನ್ನು ಅಳೆದು, ದೊಡ್ಡ ಹಾರ್ನ್ (ಕಹಳೆ ಬಾಯಿಯ) ಸ್ಪೀಕರ್‌ಗಳಿಂದ ತುಂಬಿಸಿ ಕೊಡುತ್ತಾರೆ. ಅಳೆಯುವ ಎಂಜಿನಿಯರ್, ಹಾರ್ನ್ ಎರಡನ್ನೂ ಬಾಗಿಲಲ್ಲಿ ಕೂರಿಸಿ ಕೊಡಿ, ನಾನು ಸುಮ್ಮನಾಗುತ್ತೇನೆ. ಇನ್ನೂ ಮುಖ್ಯವಾದ್ದು, ಆ ಪರದೆಯ ತೂತುಗಳು ನಿಜವಾದ ತೂತುಗಳು ಮಾರಾಯ್ರೇ!

ಒಂದು ಮಾತು ಮಾತ್ರ ನ್ಯಾಯವಾಗಿ ಹೇಳಬೇಕು. ಕೆಲವು ಕಾರುಗಳಲ್ಲಿ ಕಂಪನಿಯವರೇ ಗ್ರಿಲ್‌ನ ನಷ್ಟ ಲೆಕ್ಕ ಹಾಕಿ ಟ್ರೆಬಲ್ ಮೊದಲೇ ಏರಿಸಿಟ್ಟಿರುತ್ತಾರೆ. ಅಲ್ಲಿ ಗ್ರಿಲ್ ತೆರೆದರೆ ದನಿ ಚುಚ್ಚಬಹುದು. ಆಗ ಟ್ರೆಬಲ್ ಇಳಿಸಿ. ಇಳಿಸೋದರಿಂದ ಯಾವ ಟ್ವೀಟರೂ ಸುಟ್ಟಿಲ್ಲ.

ನಿಜ ಹೇಳಬೇಕೆಂದರೆ ನನಗೆ ಹಾಡು ಕೇಳಲು ಇರುವ ಒಂದೇ ಜಾಗ ಕಾರು. ಮನೆಯಲ್ಲಿ ಕೂತರೆ ಯಾರಾದರೂ ಏನಾದರೂ ಕೇಳುತ್ತಾರೆ. ಮನೆ ತಲುಪಿದ ಮೇಲೂ ಹಾಡು ಮುಗಿಯುವವರೆಗೆ ಎಂಜಿನ್ ಆರಿಸಿ ಒಳಗೇ ಕೂರುತ್ತೇನೆ. ಒಮ್ಮೊಮ್ಮೆ ಅಳುವುದೂ ಇದೆ. ಆ ಹೊತ್ತಿನಲ್ಲಿ ನನ್ನ ಮತ್ತು ಆ ದನಿಯ ನಡುವೆ ಯಾರೋ ಚೆಂದಕ್ಕೆ ಅಂತ ಮಾಡಿದ ಗುಳಿಗಳು ನಿಂತಿವೆ ಅಂದರೆ ಮೈ ಉರಿಯುತ್ತೆ. "ಈ ವಯಸ್ಸಲ್ಲಿ ನಿನಗೆ 12 ಕಿಲೋಹರ್ಟ್ಜ್ ಮೇಲೆ ಕೇಳಿಸುತ್ತೇನೋ?" ಅಂತ ತಮಾಷೆ ಮಾಡುವವರಿದ್ದಾರೆ. ಇರಲಿ. ಇರುವ ಕಿವಿಗೆ ಬರುವುದಾದರೂ ಪೂರ್ತಿ ಬರಲಿ.

ಸರಿ, ಏನು ಮಾಡೋದು? ಎಲ್ಲರಿಗೂ ಮೊದಲು ಹೊಳೆಯೋದು ಡ್ರಿಲ್. ಗುಳಿಗಳನ್ನು ಒಂದೊಂದಾಗಿ ಕೊರೆದುಬಿಡೋದು. ಬೇಡ. ಪ್ಲಾಸ್ಟಿಕ್ ಬಿಸಿಯಾಗಿ ಕರಗಿ ಅಂಚಿಗೆ ಮೆತ್ತಿಕೊಳ್ಳುತ್ತೆ, ಸಾಲು ಸೊಟ್ಟಗಾಗುತ್ತೆ, ಅಷ್ಟೆಲ್ಲ ಮಾಡಿದರೂ ದಪ್ಪ ಮತ್ತು ಶೇ. 23 ಹಾಗೇ ಉಳಿಯುತ್ತೆ. ಗ್ರಿಲ್ ಭಾಗವನ್ನೇ ಕತ್ತರಿಸಿ ತೆಗೆದು ಲೋಹದ ಜಾಲರಿ ಕೂರಿಸಿ. 1 ಮಿ.ಮೀ. ದಪ್ಪದ ಉಕ್ಕಿನ ಹಾಳೆ, 3 ಮಿ.ಮೀ. ತೂತು, 4 ಮಿ.ಮೀ. ದೂರ ಇದ್ದರೆ ಶೇ. 51 ಬಯಲು. 10 ಕಿಲೋಹರ್ಟ್ಜ್‌ನಲ್ಲೂ ನಷ್ಟ ಒಂದು ಡೆಸಿಬೆಲ್‌ಗಿಂತ ಕಡಿಮೆ. ಷಟ್ಕೋನದ ತೂತಿನ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. "ಕಾಲು ತಾಗಿ ಸ್ಪೀಕರ್ ಹಾಳಾಗುತ್ತೆ, ಅದಕ್ಕೇ ಅಲ್ವಾ ಗ್ರಿಲ್ ಇರೋದು" ಅನ್ನೋರಿಗೆ: ಉಕ್ಕಿಗಿಂತ ಪ್ಲಾಸ್ಟಿಕ್ ಗಟ್ಟಿಯಾ?

ಕತ್ತರಿಸುವ ಮೊದಲು ಪ್ಯಾನೆಲ್ ಹಿಂಬದಿ ಓದಿ. ಯಾವ ಪ್ಲಾಸ್ಟಿಕ್ ಅಂತ ಸಾಮಾನ್ಯವಾಗಿ ಅಲ್ಲೇ ಅಚ್ಚಾಗಿರುತ್ತೆ. ಎಬಿಎಸ್ ಅನ್ನುವ ಪ್ಲಾಸ್ಟಿಕ್ ಆದರೆ ಎಪಾಕ್ಸಿ ಅಂಟು ಹಿಡಿಯುತ್ತೆ. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಆದರೆ ಮಾಮೂಲಿ ಅಂಟು ಯಾವುದೂ ನಿಲ್ಲೋದಿಲ್ಲ. ಒಣಗಿದಾಗ ಗಟ್ಟಿ ಅನಿಸುತ್ತೆ, ಬಿಸಿಲಲ್ಲಿ ನಿಲ್ಲಿಸಿದ ಮೇಲೆ ಸಿಪ್ಪೆಯಾಗಿ ಏಳುತ್ತೆ. ಅದಕ್ಕೆ ಜಾಲರಿಯ ಅಂಚನ್ನು ಹಿಂದಕ್ಕೆ ಮಡಚಿ ಸಣ್ಣ ಸ್ಕ್ರೂ, ವಾಷರ್ ಹಾಕಿ ಬಿಗಿಯೋದೇ ವಾಸಿ. ಜಾಲರಿಗೂ ಪ್ಲಾಸ್ಟಿಕ್‌ಗೂ ನಡುವೆ ಫೆಲ್ಟ್ ಟೇಪ್ ಹಾಕಿ, ಇಲ್ಲದಿದ್ದರೆ ಬೇಸ್ ಬಂದಾಗಲೆಲ್ಲ ಗಿರ್ ಅನ್ನುತ್ತೆ. ಸ್ಪೀಕರ್‌ನ ರಬ್ಬರ್ ಅಂಚು ಮುಂದೆ ಬಂದಾಗ ಜಾಲರಿಗೆ ತಾಗಬಾರದು. ಜೋರಾಗಿ ಬೇಸ್ ಹಾಕಿ ಒಮ್ಮೆ ನೋಡಿಕೊಳ್ಳಿ. ಬಣ್ಣ ಹೊಡೆಯೋದಾದರೆ ತೆಳ್ಳಗೆ. ದಪ್ಪ ಬಳಿದರೆ ತೂತು ಮುಚ್ಚಿ ಮತ್ತೆ ಗುಳಿಯ ಸಂಸಾರ. ಬಟ್ಟೆ ಹೊದಿಸುವ ಆಸೆಯಿದ್ದರೆ ಬಾಯಿಗೆ ಒತ್ತಿ ಊದಿ ನೋಡಿ. ಉಸಿರು ಸಲೀಸಾಗಿ ಹೋಗದಿದ್ದರೆ ಆ ಬಟ್ಟೆ ಬೇಡ. ಹಳೇ ಪ್ಯಾನೆಲ್ ಒಂದು ಸಿಕ್ಕರೆ ಅದರ ಮೇಲೆ ಇಷ್ಟೆಲ್ಲ ಮಾಡಿ, ಮೂಲದ್ದನ್ನು ಎತ್ತಿಡಿ.

ಬೇಸ್ ತೆಳುವಾದ ವಿಷಯ. ಸ್ಪೀಕರ್‌ನ ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ಉಲ್ಟಾ. ಎರಡೂ ಸೇರಿದರೆ ಬೇಸ್ ರದ್ದಾಗುತ್ತೆ. ಬಾಗಿಲಿನ ಒಳಗಿನ ತಗಡಿನಲ್ಲಿರುವ ದೊಡ್ಡ ಕಿಂಡಿಗಳ ಮೂಲಕ ಅವು ಭೇಟಿಯಾಗುತ್ತವೆ. ಪ್ಯಾನೆಲ್ ಇದ್ದಾಗ ಈ ಭೇಟಿಗೆ ಸ್ವಲ್ಪ ಅಡ್ಡಿಯಾದರೂ ಇರುತ್ತೆ. ಅದಕ್ಕೇ ಕಿಂಡಿಗಳನ್ನು ಬ್ಯುಟೈಲ್ ಶೀಟ್‌ನಿಂದ (ಅಂಟಿಸುವ ರಬ್ಬರ್ ಹಾಳೆ) ಮುಚ್ಚೋದು. ಜೊತೆಗೆ ಸ್ಪೀಕರ್ ಸುತ್ತ ಫೋಮ್ ರಿಂಗ್ ಅಂಟಿಸಿ, ಪ್ಯಾನೆಲ್ ಕೂತಾಗ ಅದು ಗ್ರಿಲ್ ಹಿಂಬದಿಗೆ ಒತ್ತಿಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಧ್ವನಿ ಪ್ಯಾನೆಲ್ ಸಂದಿಗೆ ನುಗ್ಗಿ ಕ್ಲಿಪ್ಪುಗಳನ್ನು ಕುಣಿಸುತ್ತೆ. ಸುಳ್ಳು ಗುಳಿಗಳು ಇಲ್ಲೂ ಪಾಪ ಮಾಡುತ್ತವೆ: ಮುಂದೆ ದಾರಿ ಇಲ್ಲದ ಗಾಳಿ ಸಂದಿ ಹುಡುಕದೆ ಇನ್ನೇನು ಮಾಡೀತು?

ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳಿವೆ, ಅವನ್ನು ಮುಚ್ಚಬೇಡಿ, ತುಕ್ಕು ಹಿಡಿಯುತ್ತೆ. ಕೆಲವು ಕಾರುಗಳಲ್ಲಿ ಪಕ್ಕದಿಂದ ಡಿಕ್ಕಿಯಾದರೆ ಬಾಗಿಲೊಳಗಿನ ಗಾಳಿಯ ಒತ್ತಡ ಅಳೆದು ಏರ್‌ಬ್ಯಾಗ್ ಬಿಡಿಸುವ ಸೆನ್ಸರ್ ಇರುತ್ತೆ. ಅಂಥ ಬಾಗಿಲಿನ ತಗಡಿಗೆ ಹೊಸ ತೂತು ಕೊರೆಯೋದು, ಇರುವ ಕಿಂಡಿ ಮುಚ್ಚೋದು ಎರಡೂ ಬೇಡ. ಅಲ್ಲಿ ಗ್ರಿಲ್ ಕೆಲಸ ಮತ್ತು ಫೋಮ್ ರಿಂಗ್ ಇಷ್ಟಕ್ಕೇ ನಿಲ್ಲಿಸಿ.

ಹೊಸ ಸ್ಪೀಕರ್‌ಗೆ ದುಡ್ಡು ಸುರಿಯುವ ಮೊದಲು ಒಂದು ಗುಂಡುಸೂಜಿ ತೆಗೆದುಕೊಂಡು ನಿಮ್ಮ ಗ್ರಿಲ್ ಮುಂದೆ ಕೂರಿ. ಅಂಚಿನ ತೂತಿನಿಂದ ಶುರು ಮಾಡಿ, ಮೆಲ್ಲಗೆ ಚುಚ್ಚಿ ನೋಡುತ್ತ ನಡುವಿನ ಕಡೆ ಬನ್ನಿ. ಆಳಕ್ಕೆ ಒತ್ತಬೇಡಿ, ಹಿಂದೆ ಕೋನ್ ಇದೆ. ಸೂಜಿ ತಡೆದರೆ ಅದು ಗುಳಿ. ತಡೆದದ್ದೇ ಜಾಸ್ತಿಯಾದರೆ ಮೊದಲು ಗ್ರಿಲ್ ಕೆಲಸ ಮುಗಿಸಿ, ಹಳೇ ಸ್ಪೀಕರನ್ನೇ ಇನ್ನೊಮ್ಮೆ ಕೇಳಿ, ಆಮೇಲೆ ಅಂಗಡಿಗೆ ಹೋಗಿ.