ಮ್ಯಾಪಿಗೆ ಕೆಂಪು ಬಳಿದ ಮೇಷ್ಟ್ರು

ಶಾಲೆಯಲ್ಲಿ ಔಟ್‌ಲೈನ್ ಮ್ಯಾಪಿಗೆ ಬಣ್ಣ ತುಂಬುವಾಗ ನನಗೆ ಇಷ್ಟವಾದ ದೇಶಕ್ಕೆ ಜಾಸ್ತಿ ಒತ್ತಿ ತಿಕ್ಕುತ್ತಿದ್ದೆ. ನೀವೂ ಮಾಡಿರ್ತೀರಿ. ಹೀಗೆ ಭೂಮಿಯಲ್ಲಿ ಬ್ರಿಟಿಷ್ ಸಾಮ್ರಾಜ್ಯ ಇದ್ದಲ್ಲೆಲ್ಲ ಕೆಂಪು ಬಳಿದು, ಅದನ್ನು ಶಾಲೆಯ ಗೋಡೆಗೆ ನೇತುಹಾಕಿಸಲು ಹೊರಟ ಮೇಷ್ಟ್ರೊಬ್ಬರಿದ್ದರು. ಹೆಸರು ಜಾರ್ಜ್ ಪಾರ್ಕಿನ್.

ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ರೈತರ ಮನೆ. 1846ರಲ್ಲಿ ಹುಟ್ಟಿದ್ದು, 13 ಮಕ್ಕಳಲ್ಲಿ ಕೊನೆಯವರು. ಫ್ರೆಡರಿಕ್ಟನ್‌ನಲ್ಲಿ ಹೆಡ್‌ಮಾಸ್ಟರ್ ಆದರು. ಹುಡುಗರನ್ನು ಊರಾಚೆ ಗುಡ್ಡಕ್ಕೆ ಕರೆದುಕೊಂಡು ಹೋಗಿ ಪದ್ಯ ಓದಿ ಹೇಳುತ್ತಿದ್ದರಂತೆ. ಅಲ್ಲಿ ಕಲಿತ ಇಬ್ಬರು, ಚಾರ್ಲ್ಸ್ ರಾಬರ್ಟ್ಸ್ ಮತ್ತು ಬ್ಲಿಸ್ ಕಾರ್ಮನ್, ಮುಂದೆ ಕೆನಡಾದ ದೊಡ್ಡ ಕವಿಗಳಾದರು. ಇಷ್ಟಕ್ಕೇ ನಿಂತಿದ್ದರೆ ನಾನು ಈ ಮೇಷ್ಟ್ರಿಗೆ ಸುಮ್ನೆ ಕೈಮುಗಿದು ಮುಂದೆ ಹೋಗುತ್ತಿದ್ದೆ.

ಆದರೆ 1873ರಲ್ಲಿ ಒಂದು ವರ್ಷ ರಜೆ ಹಾಕಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿನ ಯೂನಿಯನ್ ಅನ್ನೋ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ, ಬ್ರಿಟನ್ನೂ ಅದರ ವಸಾಹತುಗಳೂ ಸೇರಿ ಒಂದೇ ಒಕ್ಕೂಟವಾಗಬೇಕು ಅಂತ ವಾದಿಸಿದರು. ಆಮೇಲೆ ಅದೇ ಹುಚ್ಚು. ಇದೇ ಒಕ್ಕೂಟ ಬೇಕು ಅನ್ನುತ್ತಿದ್ದ ಇಂಪೀರಿಯಲ್ ಫೆಡರೇಶನ್ ಲೀಗ್ ಅನ್ನೋ ಸಂಘದ ಪರವಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುತ್ತಿ ಭಾಷಣ ಮಾಡಿದರು. ಉಗಿಹಡಗು, ಟೆಲಿಗ್ರಾಫ್ ಬಂದಮೇಲೆ ದೂರ ಅನ್ನೋದು ನೆಪವಷ್ಟೇ ಅನ್ನೋದು ಅವರ ವಾದ. 1893ರಲ್ಲಿ ಬಂತು ಆ ಗೋಡೆ ಮ್ಯಾಪು. ಮರ್ಕೇಟರ್ ನಕ್ಷೆ. ಅದರಲ್ಲಿ ಧ್ರುವದ ಕಡೆ ಹೋದಷ್ಟೂ ನೆಲ ಹಿಗ್ಗುತ್ತದೆ. ಹಾಗಾಗಿ ಮೇಷ್ಟ್ರ ಕೆನಡಾ ಇದ್ದದ್ದಕ್ಕಿಂತ ಭಾರೀ ದೊಡ್ಡದು! ಕೆಳಗಿರೋ ನಾವು ಸಣ್ಣವರು.

ನನ್ನ ತಕರಾರು ಇಲ್ಲೇ ಇರೋದು. ಸಾಮ್ರಾಜ್ಯದ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇದ್ದದ್ದು ಭಾರತದಲ್ಲಿ. ಕೆಂಪು ಬಣ್ಣ ನಮಗೂ ಬಳಿದಿದ್ದರು. ಆದರೆ ಸರಿಸಮ ಕುರ್ಚಿ ಬಿಳಿಯರ ವಸಾಹತುಗಳಿಗೆ ಮಾತ್ರ. ನಾವು ಆಳಿಸಿಕೊಳ್ಳಬೇಕಾದವರು. ಇದನ್ನು ಒಗ್ಗಟ್ಟು ಅನ್ನೋಕೆ ನನಗಂತೂ ಬಾಯಿ ಬರಲ್ಲ. 'ಆ ಕಾಲ ಹಾಗಿತ್ತು ಬಿಡಿ' ಅಂತೀರಾ? ಅದೇ ಕಾಲದಲ್ಲಿ, 1892ರಲ್ಲಿ, ದಾದಾಭಾಯಿ ನವರೋಜಿ ಲಂಡನ್‌ನಲ್ಲಿ ಚುನಾವಣೆ ಗೆದ್ದು ಪಾರ್ಲಿಮೆಂಟಿಗೆ ಹೋಗಿದ್ದರು. ಕಣ್ಣಿಗೆ ಕಾಣಲಿಲ್ಲ ಅನ್ನೋಕೆ ಆಗಲ್ಲ ಅಲ್ವಾ?

ಒಕ್ಕೂಟವೇನೋ ಆಗಲಿಲ್ಲ. ಮ್ಯಾಪು ಬಂದ ವರ್ಷವೇ ಲೀಗ್ ಬಾಗಿಲು ಹಾಕಿತು. ಪಾರ್ಕಿನ್ ಟೊರೊಂಟೊದ ಅಪ್ಪರ್ ಕೆನಡಾ ಕಾಲೇಜಿನ ಪ್ರಿನ್ಸಿಪಾಲರಾದರು. 1902ರಿಂದ 1920ರವರೆಗೆ, ಬೇರೆ ದೇಶದ ಹುಡುಗರನ್ನು ಆಕ್ಸ್‌ಫರ್ಡ್‌ನಲ್ಲಿ ಓದಿಸುವ ರೋಡ್ಸ್ ವಿದ್ಯಾರ್ಥಿವೇತನದ ಕೆಲಸ ಅವರ ಕೈಲಿತ್ತು. ದೇಶದೇಶ ತಿರುಗಿ, ಹುಡುಗರನ್ನು ಆರಿಸೋದು ಹೇಗೆ ಅಂತ ಆ ಏರ್ಪಾಡನ್ನು ಕಟ್ಟಿದವರು ಅವರೇ. ಕೆಲಸ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು. 1922ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು.

ಭಾರತದಿಂದ ಮೊದಲ ರೋಡ್ಸ್ ವಿದ್ಯಾರ್ಥಿಗಳು ಆಯ್ಕೆಯಾಗಿದ್ದು 1947ರಲ್ಲಿ, ಅಂದರೆ ಬ್ರಿಟಿಷರು ಗಂಟುಮೂಟೆ ಕಟ್ಟಿದ ವರ್ಷ. 1960ರಲ್ಲಿ ಅದೇ ವಿದ್ಯಾರ್ಥಿವೇತನದ ಮೇಲೆ ಧಾರವಾಡದಲ್ಲಿ ಓದಿದ ಹುಡುಗನೊಬ್ಬ ಹೋದ. ಪಾರ್ಕಿನ್ ಭಾಷಣ ಮಾಡಿದ್ದ ಆ ಯೂನಿಯನ್ನಿಗೆ ಅಧ್ಯಕ್ಷನೂ ಆದ. ಗಿರೀಶ್ ಕಾರ್ನಾಡ್. ವಾಪಸ್ ಬಂದು ನಾಟಕ ಬರೆದಿದ್ದು ಕನ್ನಡದಲ್ಲಿ.